ಅಡ್ಡ ಬಂದ ಖಾಲಿ ಕೊಡ

ಏಪ್ರಿಲ್ 13, 2023, ಗುರುವಾರ

ಪಾಯಿಂಟ್ ನಂಬರ್ 412. ತಾಳಗುಂದ, ದೊಡ್ಡಬೀರಪ್ಪನ ಮೆಕ್ಕೆಜೋಳದ ಹೊಲ. ಮುನ್ನೂರ ಹತ್ತು ಅಡಿಗೆ ಎರಡೂವರೆ ಇಂಚು ನೀರು.

ಬೋರ್‌ವೆಲ್ ಲಾರಿಯವರೇ ಬಾಯಿ ಬಿಟ್ಟುಕೊಂಡು ನೋಡಿದರು. ಅದೇ ಹೊಲದಲ್ಲಿ ಮಿಷಿನ್ ಇಟ್ಟು ನೋಡಿದವರಿಬ್ಬರು 'ಬರೀ ಬಂಡೆ' ಎಂದು ಹೇಳಿ ಹೋಗಿದ್ದರಂತೆ. ನಾನು ಜುಟ್ಟಿನ ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಬದುವಿನುದ್ದಕ್ಕೂ ನಡೆದೆ. ಮೂಲೆಯಲ್ಲಿ ಅತ್ತಿಮರ, ಅದರ ಬುಡಕ್ಕೆ ಹುತ್ತ. ಅಲ್ಲಿ ಕಾಯಿ ಎದ್ದು ನಿಂತಿತು. ಇಪ್ಪತ್ತೆಂಟು ವರ್ಷದಿಂದ ಗಂಗಮ್ಮ ಈ ಗಂಗಾಧರಪ್ಪನ ಕೈ ಬಿಟ್ಟಿಲ್ಲ. ಈ ಪುಸ್ತಕದಲ್ಲಿ ನೀರು ಬಂದ ಪಾಯಿಂಟುಗಳನ್ನು ಮಾತ್ರ ಬರೆಯುತ್ತೇನೆ. ಬಾರದ್ದನ್ನು ಬರೆದಿಟ್ಟುಕೊಂಡು ಪೂಜೆ ಮಾಡಬೇಕೇನು?

ಬಸ್ಸಿಳಿದು ಮನೆಗೆ ಬರುವಾಗ ತಾಂಡಾದ ಸಾವಿತ್ರಿಬಾಯಿ ಖಾಲಿ ಕೊಡ ಹಿಡಿದು ಎದುರಿಗೆ ಬರುತ್ತಿದ್ದಳು. ದೂರದಿಂದಲೇ ನನ್ನನ್ನು ನೋಡಿ ರಸ್ತೆ ಇಳಿದು ಚರಂಡಿಯೊಳಗೆ ನಿಂತಳು. ಕೊಡವನ್ನು ಬೆನ್ನ ಹಿಂದೆ ಇಟ್ಟುಕೊಂಡು, ಮುಖ ತಿರುಗಿಸಿ, ನಾನು ದಾಟುವವರೆಗೂ ಹಾಗೇ ಇದ್ದಳು. ಹನ್ನೊಂದು ವರ್ಷದಿಂದ ಹೀಗೇ ಮಾಡುತ್ತಾಳೆ. ತಿಳಿವಳಿಕೆ ಇರುವ ಹೆಂಗಸು.

ಸಂಜೆ ಸುಡಾನಿನಿಂದ ಅಳಿಯ ತಿಪ್ಪೇಶನ ಫೋನು. ಅಲ್ಲಿ ಬೋರ್‌ವೆಲ್ ಲಾರಿಯ ಡ್ರಿಲ್ಲರ್ ಆಗಿ ಹೋಗಿ ಐದು ತಿಂಗಳಾಯಿತು. "ಮಾವ, ಇಲ್ಲೂ ಎಲ್ಲಾರ್ಗೂ ನಿಮ್ಮ ಕೈಗುಣ ಹೇಳೀನಿ. ತೆಂಗಿನಕಾಯಿ ಸಿಗಲ್ಲ, ಅದೊಂದೇ ತಾಪತ್ರಯ" ಎಂದ. ಮಗಳು ಹಾಲಮ್ಮ ಫೋನು ಕಿತ್ತುಕೊಂಡು ಕೋಣೆಗೆ ಹೋದಳು. ಅವಳಿಗೀಗ ಆರು ತಿಂಗಳು ತುಂಬಿದೆ. ಬಾಣಂತನಕ್ಕೆ ಮುಂಚೆಯೇ ಕರೆತಂದು ಇಟ್ಟುಕೊಂಡಿದ್ದೇವೆ.

ಏಪ್ರಿಲ್ 16, ಭಾನುವಾರ

ಟಿವಿಯಲ್ಲಿ ಸುಡಾನ್. ವಿಮಾನ ನಿಲ್ದಾಣ ಉರಿಯುತ್ತಿದೆ. ಒಂದೇ ದೇಶದ ಎರಡು ಸೇನೆಗಳು ತಮ್ಮ ತಮ್ಮಲ್ಲೇ ಹೊಡೆದಾಡುತ್ತಿವೆಯಂತೆ. ಹೊರಗಿನ ಶತ್ರು ಯಾರೂ ಇಲ್ಲ. ನಿನ್ನೆ ಬೆಳಿಗ್ಗೆ ಶುರುವಾಗಿದೆ.

ತಿಪ್ಪೇಶನ ಫೋನು ಹತ್ತುತ್ತಿಲ್ಲ. ಹಾಲಮ್ಮ ನಿನ್ನೆಯಿಂದ ನಲವತ್ತು ಸಲ ಮಾಡಿದ್ದಾಳೆ. ನನ್ನ ಹೆಂಡತಿ ಲೋಕಮ್ಮ ದೇವರ ಮುಂದೆ ದೀಪ ಆರದ ಹಾಗೆ ನೋಡಿಕೊಳ್ಳುತ್ತಿದ್ದಾಳೆ. ಬೀದಿಯಲ್ಲಿ ಚುನಾವಣೆಯ ಮೈಕು ಹೊಡೆದುಕೊಳ್ಳುತ್ತಲೇ ಇದೆ. ಅದರ ಬಾಯಿಗೊಂದು ಬಟ್ಟೆ ತುರುಕಬೇಕು ಅನಿಸಿತು.

ಏಪ್ರಿಲ್ 19, ಬುಧವಾರ

ಬದುಕಿದ್ದಾನೆ! ಬೆಳಿಗ್ಗೆ ಒಂದು ವಾಯ್ಸ್ ಮೆಸೇಜ್ ಬಂತು. ಹಾಲಮ್ಮ ಅದನ್ನು ಎಷ್ಟು ಸಲ ಹಾಕಿದಳೋ, ಈಗ ನನಗೆ ಬಾಯಿಪಾಠವಾಗಿದೆ.

ಸುದ್ದಿ ಒಳ್ಳೆಯದಲ್ಲ. ರಾಜಧಾನಿಯಿಂದ ಬಹಳ ಪಶ್ಚಿಮಕ್ಕೆ ಒಂದು ಹಳ್ಳಿ. ಅಲ್ಲಿಯ ನೀರಿನ ಪಂಪಿಗೆ ಯಾರೋ ಗುಂಡು ಹಾಕಿ ಒಡೆದಿದ್ದಾರೆ. ಬಂದೂಕಿನವರ ಒಂದು ಗುಂಪು ಅದೇ ಹಳ್ಳಿಯಲ್ಲಿ ಬೀಡು ಬಿಟ್ಟಿದೆ. ಅವರಿಗೂ ಕುಡಿಯಲು ನೀರಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಇವರ ಬೋರ್‌ವೆಲ್ ಲಾರಿಯನ್ನು ತಡೆದು, ತಿಪ್ಪೇಶನನ್ನೂ ಸೇಲಂ ಕಡೆಯ ಕಂಪ್ರೆಸರ್‌ನವನನ್ನೂ ಇಳಿಸಿಕೊಂಡಿದ್ದಾರೆ. ನೀರು ತೆಗೆದುಕೊಟ್ಟರೆ ಬಿಡುತ್ತಾರಂತೆ. ಲಾರಿಯಲ್ಲಿರುವ ಡೀಸೆಲ್ ಎರಡು ಬೋರಿಗೆ ಮಾತ್ರ ಸಾಕು. ತೆಗೆದುಕೊಡದಿದ್ದರೆ ಏನು ಎಂದು ಅವನು ಹೇಳಿಲ್ಲ.

ಏಪ್ರಿಲ್ 20, ಗುರುವಾರ

ತಿಪ್ಪೇಶ ಆ ಬಂದೂಕಿನವರಿಗೆ ಹೇಳಿಬಿಟ್ಟಿದ್ದಾನೆ. "ಎಲ್ಲಿ ಕೊರೀಬೇಕು ಅಂತ ನಮ್ಮ ಮಾವ ಫೋನಿನಾಗೇ ನೋಡಿ ಹೇಳ್ತಾರೆ."

ನಾಳೆ ವಿಡಿಯೋ ಕಾಲ್ ಅಂತೆ. ಶಿವನೇ.

ಏಪ್ರಿಲ್ 21, ಶುಕ್ರವಾರ

ಮಧ್ಯಾಹ್ನ ಎರಡು ಗಂಟೆಗೆ ಬಂತು. ನಾನು ಮಡಿ ಪಂಚೆ ಉಟ್ಟು, ವಿಭೂತಿ ಹಚ್ಚಿಕೊಂಡು, ಅಂಗಳದಲ್ಲಿ ಕಾಯಿ ಹಿಡಿದು ನಿಂತಿದ್ದೆ. ಹಾಲಮ್ಮ ಎದುರಿಗೆ ಫೋನು ಹಿಡಿದಿದ್ದಳು. ಅವಳ ಕೈ ನಡುಗುತ್ತಿದ್ದುದರಿಂದ ಆ ದೇಶವೇ ನಡುಗುತ್ತಿರುವಂತೆ ಕಾಣುತ್ತಿತ್ತು.

ತಿಪ್ಪೇಶನ ಗಡ್ಡ ಬೆಳೆದಿತ್ತು, ತುಟಿ ಒಡೆದಿತ್ತು. ಅವನ ಹಿಂದೆ ತಲೆಗೆ ಬಟ್ಟೆ ಸುತ್ತಿಕೊಂಡ ಒಬ್ಬ, ಕಪ್ಪು ಕನ್ನಡಕ, ಹೆಗಲಿಗೆ ಬಂದೂಕು. ಕಾಲಿಗೆ ಮಾತ್ರ ಹವಾಯಿ ಚಪ್ಪಲಿ. ಅವನೇ ದೊಡ್ಡವನಂತೆ. ಅವನು ಪುಟ್ಟ ಗಾಜಿನ ಲೋಟದಲ್ಲಿ ಟೀ ಕುಡಿಯುತ್ತಾ ನನ್ನನ್ನೇ ನೋಡುತ್ತಿದ್ದ. ತಿಪ್ಪೇಶ ಅವರ ಭಾಷೆ ಒಂದಿಷ್ಟು ಕಲಿತಿದ್ದಾನೆ. ಅಲ್ಲಿಂದಿಲ್ಲಿಗೆ ಅವನೇ ಹೇಳುತ್ತಿದ್ದ.

ಫೋನನ್ನು ಸುತ್ತಲೂ ತಿರುಗಿಸಿ ತೋರಿಸಿದ. ಮರಳು, ಒಣಗಿದ ಒಂದು ಹಳ್ಳ, ಮಣ್ಣಿನ ಮನೆಗಳು, ಎರಡು ಬೇವಿನ ಮರ. ನಾನು ಅಂಗಳದಲ್ಲಿ ಮೂರು ಸುತ್ತು ನಡೆದೆ. ದೊಡ್ಡ ಬೇವಿನ ಮರ ಕಂಡಾಗ ಕಾಯಿ ಎದ್ದು ನಿಂತಿತು. ಹಾಲಮ್ಮ "ನಿಂತ್ತು, ನಿಂತ್ತು!" ಎಂದು ಕೂಗಿಬಿಟ್ಟಳು. ಆ ಕನ್ನಡಕದವನು ಟೀ ಲೋಟ ಕೆಳಗಿಟ್ಟ.

"ಬೇವಿನ ಮರದಿಂದ ಮೂಡಲಕ್ಕೆ ಹನ್ನೆರಡು ಹೆಜ್ಜೆ. ಅಲ್ಲೇ ಹಾಕ್ಸಪ್ಪ" ಎಂದೆ. ಆಮೇಲೆ ಎಲ್ಲ ಕಡೆ ಹೇಳುವ ಮಾತನ್ನೂ ಹೇಳಿದೆ. "ಕೊರಿಯೋ ಬಿಟ್ ಇಳಿಯೋ ಹೊತ್ತಿಗೆ ಯಾರೂ ಖಾಲಿ ಕೊಡ ಹೊತ್ಕೊಂಡು ಅಡ್ಡ ಬರಬಾರ್ದು. ಬಂದ್ರೆ ಗಂಗಮ್ಮ ಹಿಂದಕ್ಕೆ ಸರೀತಾಳೆ. ನೆಪ್ಪಿರ್ಲಿ."

ಬೇಕೆಂದು ಯೋಚಿಸಿ ಆಡಿದ ಮಾತಲ್ಲ. ಇಪ್ಪತ್ತೆಂಟು ವರ್ಷದ ಅಭ್ಯಾಸ, ಬಾಯಿಗೆ ತಾನಾಗಿ ಬರುತ್ತದೆ.

ಏಪ್ರಿಲ್ 23, ಭಾನುವಾರ. ಬಸವ ಜಯಂತಿ

ಮುನ್ನೂರು ಅಡಿ. ಧೂಳು.

ತಿಪ್ಪೇಶನ ಮೆಸೇಜ್ ಮಧ್ಯಾಹ್ನ ಬಂತು. ಪಿಸುಗುಟ್ಟಿದ ಹಾಗೆ ಮಾತಾಡಿದ್ದಾನೆ. "ಮಾವ, ಧೂಳು ಬಂತು. ಯಾಕ್ ಬರ್ಲಿಲ್ಲ ಅಂತ ಎದಿಗೆ ಗನ್ ಇಟ್ಟು ಕೇಳಿದ್ರು. ನೀವು ಹೇಳಿದ್ದು ನೆಪ್ಪಿಗ್ ಬಂತು. ಒಬ್ಳು ಹೆಂಗಸು ಬಿಟ್ ಇಳಿಯೋವಾಗ ಕತ್ತೆ ಮೇಲೆ ಎರಡು ಖಾಲಿ ಕ್ಯಾನ್ ಹೇರ್ಕೊಂಡು ಮುಂದೇನೇ ದಾಟಿದ್ಲು. ಅದನ್ನೇ ಹೇಳ್ದೆ. ಅವರು ಆಕೀನ ಕರ್ಕೊಂಡ್ ಹೋದ್ರು. ನನ್ ಬಿಟ್ರು."

ಸದ್ಯ, ಅಪವಾದ ಅವನ ತಲೆಗೆ ಬರಲಿಲ್ಲ. ಸಮಯಕ್ಕೆ ಸರಿಯಾಗಿ ಹೊಳೆದಿದೆ ಹುಡುಗನಿಗೆ. ಲೋಕಮ್ಮ "ನಿಮ್ಮ ಮಾತೇ ಕಾಪಾಡ್ತು ನೋಡ್ರಿ" ಎಂದು ಕಣ್ಣೊರೆಸಿಕೊಂಡಳು. ಹಬ್ಬಕ್ಕೆ ಹೋಳಿಗೆ ಮಾಡಿದ್ದಳು. ಒಂದು ತುತ್ತು ತಿಂದು ಎಲೆ ಸರಿಸಿದೆ. ಸೆಖೆ ಹೆಚ್ಚಾಗಿದೆ, ಅದಕ್ಕಿರಬೇಕು.

ಅವಳನ್ನು ಎಲ್ಲಿಗೆ ಕರೆದುಕೊಂಡು ಹೋದರು ಎಂದು ತಿಪ್ಪೇಶ ಹೇಳಿಲ್ಲ.

ಏಪ್ರಿಲ್ 24, ಸೋಮವಾರ

ಈ ಪುಸ್ತಕವನ್ನು ಯಾರೂ ಓದುವುದಿಲ್ಲ. ಬರೆಯುತ್ತೇನೆ.

ಕಾಯಿ ತಾನಾಗಿ ಏಳುವುದಿಲ್ಲ. ಹೆಬ್ಬೆರಳಿನ ಬುಡದಲ್ಲಿ ಒಂದು ಮಾಂಸದ ಗಂಟಿದೆ. ಅದನ್ನು ಸ್ವಲ್ಪ ಬಿಗಿ ಮಾಡಿದರೆ ಕಾಯಿ ಎದ್ದು ನಿಲ್ಲುತ್ತದೆ. ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಲೋಕಮ್ಮನಿಗೆ ಗೊತ್ತಿಲ್ಲ. ತಿಪ್ಪೇಶನಿಗಂತೂ ಗೊತ್ತೇ ಇಲ್ಲ.

ಹನ್ನೊಂದು ವರ್ಷದ ಹಿಂದೆ ಈಸೂರಿನ ದಾರಿಯಲ್ಲಿ ಮಲ್ಲೇಶಪ್ಪನ ಹೊಲಕ್ಕೆ ಪಾಯಿಂಟ್ ಹಾಕಿದ್ದೆ. ನಾನೂರ ಎಂಬತ್ತು ಅಡಿ ಹೋದರೂ ಧೂಳು. ಐವತ್ತು ಜನ ನನ್ನ ಮುಖ ನೋಡುತ್ತಿದ್ದರು. ಮಲ್ಲೇಶಪ್ಪ "ಏನ್ರೀ ಇದು?" ಎಂದ. ಸುತ್ತ ನೋಡಿದೆ. ಸಾವಿತ್ರಿಬಾಯಿ ಅದೇ ಹೊಲದಲ್ಲಿ ಕಳೆ ಕೀಳುವ ಕೆಲಸಕ್ಕೆ ಬಂದಿದ್ದವಳು, ಖಾಲಿ ಕೊಡ ಹಿಡಿದು ಲಾರಿಯ ಹತ್ತಿರ ನಿಂತಿದ್ದಳು. "ಇವಳು ಅಡ್ಡ ಬಂದ್ಲಲ್ಲ, ಇನ್ನೆಲ್ಲಿ ನೀರು" ಎಂದುಬಿಟ್ಟೆ. ಐವತ್ತು ಜನವೂ ಅವಳ ಕಡೆ ತಿರುಗಿದರು. ನನ್ನ ಎದೆ ಹಗುರಾಯಿತು. ಅವತ್ತಿನಿಂದ ಯಾರೂ ಅವಳನ್ನು ಬಿತ್ತನೆಗೆ ಕರೆದಿಲ್ಲ. ಮದುವೆ ಮನೆಯ ನೀರು ಹೊರಲೂ ಕರೆದಿಲ್ಲ.

ಇನ್ನೊಂದು ಬೋರಿಗೆ ಆಗುವಷ್ಟೇ ಡೀಸೆಲ್ ಇದೆ. ಅದೂ ಧೂಳಾದರೆ ತೋರಿಸಲು ಅಲ್ಲಿ ಇನ್ನೊಬ್ಬ ಹೆಂಗಸು ಬೇಕು. ಅವಳೂ ಸಾಲದಿದ್ದರೆ ತಿಪ್ಪೇಶ. ಫೋನಿನಲ್ಲಿ ಕಂಡ ಒಂದು ಬೇವಿನ ಮರ ನೋಡಿಕೊಂಡು ನಾನು ಒಂದು ಜೀವದ ಮೇಲೆ ಆಟವಾಡಿದ್ದೇನೆ.

ಸೊರಬದಲ್ಲಿ ಚಿದಂಬರ ಇದ್ದಾರೆ. ಸರ್ಕಾರದಲ್ಲಿ ನೆಲದ ನೀರಿನ ತಜ್ಞರಾಗಿದ್ದು ನಿವೃತ್ತರಾದವರು. ಹದಿನೈದು ವರ್ಷದ ಹಿಂದೆ ಶಿರಾಳಕೊಪ್ಪದ ಹತ್ತಿರ ಅವರ ಮಿಷಿನ್ ತೋರಿಸಿದಲ್ಲಿ ಧೂಳು ಬಂತು, ನಲವತ್ತು ಅಡಿ ಆಚೆ ನಾನು ತೋರಿಸಿದಲ್ಲಿ ನೀರು ಬಂತು. ಅವತ್ತು ನಾನು ಜನರೆದುರು ಆ ಮಿಷಿನ್ನಿಗೆ ಕಾಯಿ ಒಡೆಸಿ ಮಂಗಳಾರತಿ ಎತ್ತಿಸಿದ್ದೆ. ಈಗ ಯಾವ ಮುಖ ಇಟ್ಟುಕೊಂಡು ಹೋಗಲಿ?

ಏಪ್ರಿಲ್ 25, ಮಂಗಳವಾರ

ಹೋದೆ. ಇದ್ದ ಮುಖ ಇಟ್ಟುಕೊಂಡೇ ಹೋದೆ.

ಸೊರಬದ ಬಸ್‌ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ. ಚಿದಂಬರ ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. ಕನ್ನಡಕ ಏರಿಸಿ ನೋಡಿ, "ಬನ್ನಿ ಬನ್ನಿ ಗಂಗಾಧರಪ್ಪನವ್ರೆ. ಮಂಗಳಾರತಿ ತಟ್ಟೆ ತಂದಿದೀರೋ ಹೆಂಗೆ?" ಎಂದರು.

ನಾನು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಎಲ್ಲ ಹೇಳಿದೆ. ತಿಪ್ಪೇಶ, ಬಂದೂಕು, ಧೂಳು, ಎರಡನೇ ಬೋರು. ಮಗಳ ಆರು ತಿಂಗಳ ಹೊಟ್ಟೆಯನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಅವರ ಹೆಂಡತಿ ವಾಗ್ದೇವಮ್ಮ ಒಳಗಿನಿಂದ ನೀರು ಬೆಲ್ಲ ತಂದಿಟ್ಟು ಹೋದರು.

"ಕಾಯಿ ಎದ್ದು ನಿಲ್ಲೂದು ಹೆಂಗೆ?" ಎಂದರು ಚಿದಂಬರ.

ಹೆಬ್ಬೆರಳು ತೋರಿಸಿದೆ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ.

"ಅದಿರ್ಲಿ. ಈಗ ಕಾಯಿ ಎಬ್ಬಿಸ್ಬೇಕು ಅಂತ ನಿಮಗೆ ಎಂತ ನೋಡಿ ಅನ್ಸ್ತಿತ್ತು? ಅದನ್ನ ಹೇಳಿ ಮಾರಾಯ್ರೆ."

ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಹುತ್ತ ಅಂದೆ. ಅತ್ತಿ, ಹೊಂಗೆ. ಎರಡು ಇಳಿಜಾರು ಕೂಡುವ ಜಾಗ. ಬೇಸಿಗೆಯಲ್ಲೂ ಗರಿಕೆ ಹಸಿರಾಗಿರುವ ಕಡೆ. ಸಂಜೆ ನುಸಿ ಗುಂಪುಗಟ್ಟುವ ಕಡೆ, ದನ ಹೋಗಿ ಮಲಗುವ ಕಡೆ. ಅಕ್ಕಪಕ್ಕದ ಬಾವಿಗಳ ಆಳ. ಅವರು ಒಂದು ಹಾಳೆಯ ಮೇಲೆ ಎಲ್ಲವನ್ನೂ ಬರೆದುಕೊಂಡರು.

"ಇದೇ ಅಲ್ದಾ ವಿದ್ಯೆ? ಕಾಯಿ ಎಂತಕ್ಕೆ ಬೇಕಿತ್ತು ನಿಮಗೆ?"

"ಕಾಯಿ ಇಲ್ದಿದ್ರೆ ನನ್ನ ಯಾರ್ ಕರೀತಿದ್ರು ಸಾರ್?"

ಅವರು ಹಾಳೆ ಪಕ್ಕಕ್ಕಿಟ್ಟು ನನ್ನ ಫೋನಿನಿಂದ ತಿಪ್ಪೇಶನಿಗೆ ಮೆಸೇಜ್ ಹಾಕಿಸಿದರು: ಹಳ್ಳದ ಉದ್ದಕ್ಕೂ ಫೋಟೋ, ಕಲ್ಲಿನ ಫೋಟೋ, ಹಳೆಯ ಬಾವಿ ಇದ್ದರೆ ಅದರದ್ದು. ಒಂದು ಗಂಟೆಯ ನಂತರ ಹದಿನಾಲ್ಕು ಫೋಟೋ ಬಂದವು. ಚಿದಂಬರ ಒಂದೊಂದನ್ನೂ ದೊಡ್ಡದು ಮಾಡಿ ನೋಡಿದರು. ಒಂದು ಕಡೆ ಬೆರಳಿಟ್ಟರು. ಒಣಹಳ್ಳಕ್ಕೆ ಅಡ್ಡವಾಗಿ ಕರಿಕಲ್ಲಿನ ಒಂದು ಗೆರೆ ನೆಲದಿಂದ ಸ್ವಲ್ಪವೇ ತಲೆಯೆತ್ತಿತ್ತು.

"ನಿಮ್ಮ ಅಂಬ್ಲಿಗೊಳದ ಡ್ಯಾಮಿನ ಏರಿ ಇದ್ದಾಂಗೆ ಇದು, ನೆಲದ ಒಳಗೆ. ಮೇಲಿಂದ ಬಂದ ನೀರು ಇದರ ಬೆನ್ನಿಗೆ ನಿಂತಿರ್ತದೆ. ಕಲ್ಲಿನ ಮೇಲ್ಬದಿಗೆ, ಹಳ್ಳದ ಮಧ್ಯ ಹಾಕ್ಸಿ. ನೂರಕ್ಕೆ ಅರವತ್ತು ಬರ್ತದೆ. ಅದಕ್ಕಿಂತ ಹೆಚ್ಚು ಹೇಳಿದ್ರೆ ನಾನೂ ಕಾಯಿ ಹಿಡಿದಾಂಗೆ."

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಆ ಉಳಿದ ನಲವತ್ತನ್ನೇ ಲೆಕ್ಕ ಹಾಕುತ್ತಿದ್ದೆ. ಆ ಹೆಂಗಸಿನ ವಿಷಯವನ್ನು ನಾನು ಅವರಿಗೆ ಹೇಳಲಿಲ್ಲ. ಏನು ಬೇಕೋ ಅದನ್ನೆಲ್ಲ ಹೇಳಿದೆ, ಅದೊಂದನ್ನು ಹೇಳಲಿಲ್ಲ.

ಏಪ್ರಿಲ್ 26, ಬುಧವಾರ

ಇವತ್ತು ಮತ್ತೆ ವಿಡಿಯೋ. ಕಾಯಿ ಹಿಡಿಯದಿದ್ದರೆ ಅವರಿಗೆ ಅನುಮಾನ ಬರುತ್ತದೆ, ಅದಕ್ಕೆ ಹಿಡಿದೆ. ಬೆವರಿಗೆ ಕಾಯಿ ಜಾರುತ್ತಿತ್ತು. ಕರಿಕಲ್ಲಿನ ಮೇಲ್ಬದಿ ತೋರಿಸಿದೆ.

ಆಮೇಲೆ, "ತಿಪ್ಪೇಶ, ಆ ಹೆಂಗಸಿಂದು ಏನೂ ತಪ್ಪಿಲ್ಲ. ಆಕೀನ ಬಿಡೋಕೆ ಹೇಳಪ್ಪ" ಎಂದೆ.

ಅವನ ಮುಖ ಬಿಳಿಚಿಕೊಂಡಿತು. "ಮಾವ, ಹಂಗಂದ್ರೆ ನಾನು ಸುಳ್ಳು ಹೇಳಿದೆ ಅಂತಾಗುತ್ತೆ. ಗನ್ನು ನನ್ನ ಬೆನ್ನಿಗೇ ಐತೆ. ಬ್ಯಾಡ್ರಿ ಮಾವ."

ಕನ್ನಡಕದವನು ಏನೋ ಕೇಳಿದ. ನಾನೇನು ಹೇಳಿದೆ ಎಂದು ಕೇಳಿರಬೇಕು. ಹಾಲಮ್ಮ ಫೋನು ಹಿಡಿದ ಕೈಯನ್ನೇ ಇನ್ನೊಂದಕ್ಕೆ ಸೇರಿಸಿ ನನಗೆ ಕೈಮುಗಿದಳು. ಕಣ್ಣಲ್ಲಿ ನೀರು. ನನ್ನ ಮಗಳು ನನಗೆ ಯಾವತ್ತೂ ಹಾಗೆ ಕೈಮುಗಿದವಳಲ್ಲ.

ನಾನು ಮಾತು ತಿರುಗಿಸಿದೆ. "ಈ ಸಲ ಅವರ ಜನಾನೇ ಸುತ್ತ ನಿಂತ್ಕೊಳ್ಳಲಿ. ಊರಿನೋರು ಯಾರೂ ಹತ್ರ ಬರೋದು ಬ್ಯಾಡ ಅನ್ನು." ಕನ್ನಡಕದವನು ತಲೆಯಾಡಿಸಿದ.

ಇನ್ನೊಬ್ಬರು ಯಾರೂ ಸಿಕ್ಕಿಹಾಕಿಕೊಳ್ಳಬಾರದು ಎಂದೇ ಹಾಗೆ ಹೇಳಿದ್ದು. ಒಳ್ಳೆಯದಕ್ಕೇ ಹೇಳಿದ್ದು. ಇಲ್ಲಿ ಬರೆದು ಎರಡು ಸಲ ಓದಿದೆ, ಆದರೂ ಒಳ್ಳೆಯದಾಗಿ ಕಾಣುತ್ತಿಲ್ಲ.

ಏಪ್ರಿಲ್ 27, ಗುರುವಾರ

ಸುದ್ದಿಯಿಲ್ಲ. ಹಾಲಮ್ಮ ಊಟ ಬಿಟ್ಟಿದ್ದಾಳೆ. ಬೀದಿಯಲ್ಲಿ ಬೋರ್‌ವೆಲ್ ಲಾರಿಯೊಂದು ಹೋಯಿತು. ಅದರ ಸದ್ದಿಗೆ ಮೂವರೂ ಎದ್ದು ನಿಂತೆವು.

ಏಪ್ರಿಲ್ 28, ಶುಕ್ರವಾರ

ನೀರು. ನೂರ ತೊಂಬತ್ತು ಅಡಿ.

ಮೇ 6, ಶನಿವಾರ

ಬಂದ. ಲಾರಿ ಅವರೇ ಇಟ್ಟುಕೊಂಡರಂತೆ. ಇವರಿಬ್ಬರನ್ನು ಸಮುದ್ರದ ಕಡೆ ಹೋಗುವ ಬಸ್ಸಿಗೆ ಹತ್ತಿಸಿದರಂತೆ. ಅಲ್ಲಿಂದ ಹಡಗು, ವಿಮಾನ. ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಹಾಲಮ್ಮ ಅವನ ಅಂಗಿ ಹಿಡಿದುಕೊಂಡವಳು ಮನೆಯವರೆಗೂ ಬಿಡಲಿಲ್ಲ. ದೇವರು ದೊಡ್ಡವನು. ಇದನ್ನು ಮನಸಾರೆ ಬರೆಯುತ್ತಿದ್ದೇನೆ.

ಊರಿನವರು ನನಗೇ ಹಾರ ಹಾಕಿದರು. ಶಿಕಾರಿಪುರದಲ್ಲಿ ಕೂತು ಸುಡಾನಿನಲ್ಲಿ ನೀರು ತೆಗೆದವನು! ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿದೆ. ಹಾನಗಲ್ಲಿನಿಂದಲೂ ಕರೆ ಬಂತು.

ಸಂಜೆ ಹಿತ್ತಲಲ್ಲಿ ನಾವಿಬ್ಬರೇ ಇದ್ದಾಗ ಕೇಳಿದೆ. "ಆ ಹೆಂಗಸು ಏನಾದ್ಲಪ್ಪ?"

"ಗೊತ್ತಿಲ್ಲ ಮಾವ. ಕೇಳ್ಬೇಕು ಅಂತ ಬಾಯಿ ತಂಕ ಬರೋದು, ಹೊರಗ್ ಬರ್ತಿರ್ಲಿಲ್ಲ. ನೀರ್ ಬಂದ ದಿನ ಊರಿನೋರೆಲ್ಲ ಓಡಿ ಬಂದ್ರು. ಆಕಿ ಬರ್ಲಿಲ್ಲ. ಆಕಿ ಕತ್ತೆ ಬಂತು. ಒಂದೇ ಬಂತು. ಕೆಸರಾಗೆ ನಿಂತು ನೀರು ಕುಡೀತು. ಆ ಎರಡು ಖಾಲಿ ಕ್ಯಾನು ಬೆನ್ ಮ್ಯಾಲೆ ಹಂಗೇ ಇದ್ವು, ಯಾರೂ ಬಿಚ್ಚಿರ್ಲಿಲ್ಲ."

"ಯಾರೂ ತುಂಬಿಸ್ಲಿಲ್ವಾ?"

"ಇಲ್ಲ ಮಾವ. ನಾನೂ ತುಂಬಿಸ್ಲಿಲ್ಲ."

ಮೇ 8, ಸೋಮವಾರ

ಶಿವಮೂರ್ತಪ್ಪ ಬಂದಿದ್ದ. ಅವನ ಹೊಲಕ್ಕೆ ಪಾಯಿಂಟ್ ಆಗಬೇಕಂತೆ, ಹದಿನೇಳಕ್ಕೆ ಲಾರಿ ಬರುತ್ತದೆ. "ಸುಡಾನಿಗೇ ನೀರು ಕೊಟ್ಟೋರು ನಮಗೆ ಕೊಡಲ್ವಾ?" ಎಂದ. ಆಗಲಿ ಅಂದೆ. ಅವನು ಹೋದ ಮೇಲೆ ಕಾಯಿ ತಂದು ಅಂಗೈ ಮೇಲಿಟ್ಟುಕೊಂಡೆ. ಹೆಬ್ಬೆರಳು ಬಿಗಿ ಹಿಡಿಯಲಿಲ್ಲ. ಕಾಯಿ ಬಿದ್ದು ಉರುಳಿಹೋಯಿತು.

ಮೇ 12, ಶುಕ್ರವಾರ

ತಾಂಡಾಕ್ಕೆ ಹೋಗಿದ್ದೆ.

ಮೊನ್ನೆ ಓಟು ಹಾಕುವ ಸಾಲಿನಲ್ಲಿ ಸಾವಿತ್ರಿಬಾಯಿ ಹೆಂಗಸರ ಕಡೆ ನಿಂತಿದ್ದಳು. ನನ್ನನ್ನು ನೋಡಿ ಸಾಲು ಬಿಟ್ಟು ಹಿಂದೆ ಹೋಗಿ ಗೋಡೆಯ ಮರೆಗೆ ನಿಂತಳು. ಅವಳ ಕೈಯಲ್ಲಿ ಕೊಡ ಕೂಡ ಇರಲಿಲ್ಲ. ಅವತ್ತಿನಿಂದ ನನಗೆ ಸಮಾಧಾನವಿಲ್ಲ.

ಮನೆಯ ಮುಂದೆ ಜೋಳ ಕೇರುತ್ತಿದ್ದಳು. ನನ್ನನ್ನು ನೋಡಿ ಎದ್ದು ಒಳಗೆ ಹೋಗಲು ನೋಡಿದಳು. "ಸಾವಿತ್ರಮ್ಮ, ನಿಲ್ಲು" ಎಂದೆ. ಸುಡಾನಿನ ಕಥೆಯನ್ನು ಮೊದಲಿಂದ ಕೊನೆಯವರೆಗೂ ಹೇಳಿದೆ. ಹೆಬ್ಬೆರಳಿನ ವಿಷಯ, ಮಲ್ಲೇಶಪ್ಪನ ಹೊಲದ ವಿಷಯ, ಎಲ್ಲ. ಮೊರ ಮಡಿಲಲ್ಲಿಟ್ಟುಕೊಂಡು ಕೇಳಿದಳು.

"ಯಜಮಾನ್ರೆ" ಎಂದಳು ಕೊನೆಗೆ. "ಅವತ್ತು ಆ ಹೊಲದಾಗೆ ನೀರಿದ್ದಿದ್ರೆ ನಿಮ್ನ ಯಾಕ್ ಕರೀತಿದ್ರು? ನೀರಿಲ್ಲದ್ ಜಾಗದಾಗೆ ತುಂಬಿದ್ ಕೊಡ ನಾನು ಎಲ್ಲಿಂದ ತರ್ಲಿ? ಆಕಿ ಎಲ್ಲಿಂದ ತರ್ಬೇಕಿತ್ತು?"

ಇಪ್ಪತ್ತೆಂಟು ವರ್ಷ ನೆಲ ನೋಡಿಕೊಂಡು ತಿರುಗಿದವನಿಗೆ ಇಷ್ಟು ಹೊಳೆದಿರಲಿಲ್ಲ.

ತಪ್ಪಾಯಿತು ಎಂದು ಕೈಮುಗಿದೆ. "ನಮ್ ಮನಿ ಮುಂದೆ ಹೇಳಿದ್ರೆ ಏನ್ ಬಂತು? ಅವತ್ತು ಐವತ್ತು ಜನದ ಮುಂದೆ ಅಂದಿದ್ರಿ" ಎಂದಳು.

"ಹದಿನೇಳಕ್ಕೆ ಶಿವಮೂರ್ತಪ್ಪನ ಹೊಲದಾಗೆ ಬೋರು. ಊರೆಲ್ಲ ಇರುತ್ತೆ. ನೀನು ಖಾಲಿ ಕೊಡ ಹೊತ್ಕೊಂಡು ಲಾರಿ ಮುಂದೇನೇ ದಾಟು. ಅದರಿಂದ ಏನೂ ಆಗಲ್ಲ ಅಂತ ಎಲ್ಲಾರೂ ನೋಡ್ಲಿ."

ಅವಳು ನಕ್ಕಳು. ಹನ್ನೊಂದು ವರ್ಷದಲ್ಲಿ ನಾನು ಅವಳ ನಗು ನೋಡಿರಲಿಲ್ಲ. ಅದು ಖುಷಿಯ ನಗುವಾಗಿರಲಿಲ್ಲ.

"ಚೆನ್ನಾಗೈತೆ! ನೀರು ಬಂದ್ರೆ ನಿಮ್ಮ ಕೈಗುಣ. ಬರದಿದ್ರೆ ನನ್ನ ಕೊಡ. ನಾನ್ಯಾಕ್ರಿ ಬರ್ಲಿ?" ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕೊಡ ತಂದು ನನ್ನ ಮುಂದೆ ಇಟ್ಟಳು. ನೀಲಿ ಬಣ್ಣದ್ದು, ಕಂಠದಲ್ಲಿ ಸೀಳಿಗೆ ಬೆಸುಗೆ ಹಾಕಿತ್ತು. "ನೀವೇ ಹೊತ್ಕೊಂಡು ದಾಟ್ರಿ."

ಅದನ್ನು ಹಿಡಿದುಕೊಂಡು ಮನೆಗೆ ಬಂದೆ. ದಾರಿಯಲ್ಲಿ ಎದುರಾದವರೆಲ್ಲ ನನ್ನನ್ನೂ ಕೊಡವನ್ನೂ ನೋಡಿದರು.

ಮೇ 16, ಮಂಗಳವಾರ

ನಾಳೆ. ತಿಪ್ಪೇಶ "ಮಾವ, ನಿಮಗೇನಾಗೈತೆ? ಇದ್ದ ಹೆಸರು ಹಾಳು ಮಾಡ್ಕೋಬ್ಯಾಡ್ರಿ" ಎಂದ. ಲೋಕಮ್ಮನಿಗೆ ಹೆಬ್ಬೆರಳು ತೋರಿಸಿದೆ. ನೋಡಿ ಅಡುಗೆಮನೆಗೆ ಹೋದಳು. ಅಷ್ಟೇ.

ಬಂದೂಕಿನವನ ಮುಂದೆ ಕಾಯಿ ಹಿಡಿದಾಗಲೂ ನನಗೆ ಇಷ್ಟು ಹೆದರಿಕೆಯಾಗಿರಲಿಲ್ಲ. ಅವತ್ತು ಹೋಗಬಹುದಾಗಿದ್ದುದು ಇನ್ನೊಬ್ಬರ ಜೀವ.

ಮೇ 17, ಬುಧವಾರ

ಶಿವಮೂರ್ತಪ್ಪನ ಹೊಲದಲ್ಲಿ ನೂರು ಜನ ಸೇರಿದ್ದರು. ಕಾಯಿ ತೆಗೆದುಕೊಂಡು ಹೋಗಲಿಲ್ಲ. ಬೆಳಿಗ್ಗೆ ಏಳು ಗಂಟೆಯಿಂದ ಹೊಲ ಸುತ್ತಿದೆ. ಹುತ್ತ ನೋಡಿದೆ, ಇಳಿಜಾರು ನೋಡಿದೆ, ಪಕ್ಕದ ಎರಡು ಬಾವಿಗೆ ಹಗ್ಗ ಇಳಿಬಿಟ್ಟೆ. ಒಂದು ಕಡೆ ಸುಣ್ಣದ ಗುರುತು ಹಾಕಿ, "ಇಲ್ಲಿ. ಆದ್ರೆ ನೂರಕ್ಕೆ ಐವತ್ತೇ ನೋಡಪ್ಪ" ಎಂದೆ. ನಾನು ನಗೆಯಾಡಿದೆ ಎಂದು ಅವನು ಅಂದುಕೊಂಡ.

ಬಿಟ್ ಇಳಿಯುವ ಹೊತ್ತಿಗೆ ನೀಲಿ ಕೊಡವನ್ನು ಹೆಗಲಿಗಿಟ್ಟುಕೊಂಡು ಲಾರಿಯ ಮುಂದೆ ಈ ಬದಿಯಿಂದ ಆ ಬದಿಗೆ ದಾಟಿದೆ. ಗುಲ್ಲೆದ್ದಿತು. "ಏ, ಏನ್ರೀ ಇದು!" ಎಂದು ಶಿವಮೂರ್ತಪ್ಪ ಓಡಿಬಂದ. ಆಗ ಹೇಳಿದೆ. ಹೆಬ್ಬೆರಳನ್ನು ಎತ್ತಿ ತೋರಿಸಿದೆ. ಮಲ್ಲೇಶಪ್ಪ ಗುಂಪಿನಲ್ಲೇ ಇದ್ದ, ಅವನ ಕಡೆ ತಿರುಗಿ ಹೇಳಿದೆ. ಮಾತು ಎರಡು ಕಡೆ ತಪ್ಪಿತು. ಆದರೂ ಎಲ್ಲ ಹೇಳಿದೆ.

ಕೊರೆಯುವುದನ್ನು ಯಾರೂ ನಿಲ್ಲಿಸಲಿಲ್ಲ. ನೂರು ಅಡಿ, ಇನ್ನೂರು. ಮುನ್ನೂರಾದಾಗ ನಾನು ದೇವರನ್ನು ಬೇಡಿಕೊಂಡೆ, ಇದೊಂದು ಸಲ ಅಂತ. ಮುನ್ನೂರ ಅರವತ್ತು ಅಡಿ. ಧೂಳು.

"ಯಾಕ್ ಬರ್ಲಿಲ್ಲ?" ಶಿವಮೂರ್ತಪ್ಪನ ಕಣ್ಣು ಕೆಂಪಾಗಿತ್ತು. ನೂರು ಜನ ನನ್ನನ್ನೇ ನೋಡುತ್ತಿದ್ದರು. ಬದುವಿನ ಆಚೆ ಸಾವಿತ್ರಿಬಾಯಿ ನಿಂತಿದ್ದಳು. ಕೆಲವರ ಕಣ್ಣು ಆಗಲೇ ಆ ಕಡೆ ಹೋಗಿದ್ದನ್ನು ನಾನು ಕಂಡೆ.

"ನಾನು ತೋರಿಸಿದ್ದು ತಪ್ಪು. ಬೇರೆ ಯಾರ್ದೂ ಏನೂ ಇಲ್ಲ" ಎಂದೆ.

ಬೈದರು. ಒಬ್ಬ ಮಣ್ಣಿನ ಹೆಂಟೆ ಎಸೆದ, ಬೆನ್ನಿಗೆ ಬಿತ್ತು. ತಿಪ್ಪೇಶ ಅಡ್ಡ ಬಂದು ನನ್ನನ್ನು ಕರೆದುಕೊಂಡು ಹೊರಟ. ಇನ್ನು ಯಾರೂ ಪಾಯಿಂಟಿಗೆ ನನ್ನನ್ನು ಕರೆಯುವುದಿಲ್ಲ.

ರಸ್ತೆಯಲ್ಲಿ ಸಾವಿತ್ರಿಬಾಯಿ ಎದುರಿಗೆ ಬಂದಳು. ಚರಂಡಿಗೆ ಇಳಿಯಲಿಲ್ಲ. ಕೊಡ ಕೊಟ್ಟೆ, ತೆಗೆದುಕೊಂಡಳು.

"ಆಕಿ ಹೆಸರೇನಂತೆ?" ಎಂದಳು.

ನಾನು ತಿಪ್ಪೇಶನ ಮುಖ ನೋಡಿದೆ. ಅವನು ತಲೆ ತಗ್ಗಿಸಿದ.

"ಇಷ್ಟು ವರ್ಷ ನೆಲದಾಗಿನ ನೀರು ಹುಡುಕಿದ್ರಿ" ಎಂದಳು. "ಈಗ ಒಬ್ಳು ಹೆಂಗಸನ್ನ ಹುಡುಕ್ರಿ." ಕೊಡವನ್ನು ಸೊಂಟಕ್ಕಿಟ್ಟುಕೊಂಡು ರಸ್ತೆಯ ನಡುವೆಯೇ ನಡೆದು ಹೋದಳು.

ಪುಸ್ತಕವನ್ನು ಹಿಂದಿನ ಪುಟದಿಂದ ತಿರುಗಿಸಿ, ಬರೆಯದೆ ಬಿಟ್ಟವನ್ನು ಬರೆಯಲು ಶುರು ಮಾಡಿದ್ದೇನೆ. ಶಿವಮೂರ್ತಪ್ಪನ ಹೊಲ, ಮುನ್ನೂರ ಅರವತ್ತು ಅಡಿ, ಧೂಳು. ಮಲ್ಲೇಶಪ್ಪನ ಹೊಲ, ನಾನೂರ ಎಂಬತ್ತು ಅಡಿ, ಧೂಳು. ಸುಡಾನ್, ಬೇವಿನ ಮರದ ಮೂಡಲಿಗೆ, ಮುನ್ನೂರು ಅಡಿ, ಧೂಳು. ಅದರ ಮುಂದೆ ಒಂದು ಹೆಸರಿಗೆ ಆಗುವಷ್ಟು ಜಾಗ ಬಿಟ್ಟಿದ್ದೇನೆ. ಆ ಊರಿನಲ್ಲಿ ಯಾರದ್ದಾದರೂ ನಂಬರ್ ಇದೆಯೇ ಎಂದು ತಿಪ್ಪೇಶ ಫೋನು ಹುಡುಕುತ್ತಾ ಪಕ್ಕದಲ್ಲೇ ಕೂತಿದ್ದಾನೆ.